ಒಂದು ಎಂಜಿನ್ ನಿಂತರೆ ಪ್ರೊಪೆಲ್ಲರ್ ವಿಮಾನ ಬಿದ್ದೇಹೋಗುತ್ತದೆಯೇ?

ಹುಬ್ಬಳ್ಳಿ, ಶಿವಮೊಗ್ಗ, ಮೈಸೂರಿನಂಥ ಊರುಗಳಿಗೆ ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಎಟಿಆರ್ 72 ವಿಮಾನಗಳು ಬರುತ್ತವೆ. ‘ಇವು ಹಳೇ ಕಾಲದವು, ಒಂದು ಎಂಜಿನ್ ಕೈಕೊಟ್ಟರೆ ಕಥೆ ಮುಗಿಯಿತು’ ಎಂದು ಹೇಳುವವರಿದ್ದಾರೆ. ಇದು ನಿಜವೇ? ನೋಡೋಣ.

ಫ್ಯಾನ್ ಇದೆ ಎಂದರೆ ಹಳೆಯದೇ?

ಅಲ್ಲ. ಫ್ಯಾನಿನ ಹಿಂದೆ ಇರುವುದು ಜೆಟ್ ವಿಮಾನದಲ್ಲಿರುವಂಥದ್ದೇ ಟರ್ಬೈನ್ ಎಂಜಿನ್. ಅದರ ಶಕ್ತಿ ಪ್ರೊಪೆಲ್ಲರನ್ನು ತಿರುಗಿಸುತ್ತದೆ, ಅದಕ್ಕೇ ಟರ್ಬೊಪ್ರಾಪ್ ಎಂಬ ಹೆಸರು. ಹತ್ತಿರದ ಊರುಗಳಿಗೆ ಹಾರಲು ಇದಕ್ಕೆ ಕಡಿಮೆ ಇಂಧನ ಸಾಕು.

ಒಂದು ಎಂಜಿನ್ ನಿಂತರೆ?

ಟೇಕಾಫ್ ಹೊತ್ತಿನಲ್ಲೇ ನಿಂತರೂ ಉಳಿದ ಒಂದರಿಂದ ಮೇಲೇರಬಲ್ಲದು ಎಂದು ಸಾಬೀತಾದ ಮೇಲೆಯೇ ಇಂಥ ವಿಮಾನಕ್ಕೆ ಪ್ರಯಾಣಿಕರನ್ನು ಒಯ್ಯಲು ಅನುಮತಿ ಸಿಗುವುದು. ನಿಂತ ಪ್ರೊಪೆಲ್ಲರ್ ಗಾಳಿಗೆ ಅಡ್ಡಿಯಾಗದಂತೆ ಅದರ ಎಲೆಗಳು ಅಂಚನ್ನು ಮುಂದೆ ಮಾಡಿ ತಿರುಗಿಕೊಳ್ಳುತ್ತವೆ. ಮೊರವನ್ನು ಗಾಳಿಗೆ ಅಗಲವಾಗಿ ಹಿಡಿದರೆ ಅದು ನಮ್ಮನ್ನು ತಳ್ಳುತ್ತದೆ, ಅಂಚು ಮುಂದೆ ಮಾಡಿ ಹಿಡಿದರೆ ಗಾಳಿಯನ್ನು ಸೀಳುತ್ತದೆ. ಇದಕ್ಕೆ ‘ಫೆದರ್’ ಮಾಡುವುದು ಎನ್ನುತ್ತಾರೆ.

ಹಾಗಾದರೆ ಅಪಾಯ ಎಲ್ಲಿದೆ?

2015ರ ಫೆಬ್ರುವರಿ 4ರಂದು ತೈವಾನಿನ ತೈಪೆಯಿಂದ ಟ್ರಾನ್ಸ್‌ಏಷ್ಯಾ ಸಂಸ್ಥೆಯ ಎಟಿಆರ್ 72 ಹೊರಟಿತ್ತು. ಮೇಲೇರುವಾಗ ಬಲಬದಿಯ ಪ್ರೊಪೆಲ್ಲರ್ ತಾನಾಗಿಯೇ ಫೆದರ್ ಆಯಿತು. ಆದರೆ ಕ್ಯಾಪ್ಟನ್ ಸರಿಯಾಗಿದ್ದ ಎಡಬದಿಯ ಎಂಜಿನಿನ ಶಕ್ತಿ ತಗ್ಗಿಸಿ, ಅದನ್ನೇ ನಿಲ್ಲಿಸಿಬಿಟ್ಟರು. ತಪ್ಪು ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿತ್ತು. ವಿಮಾನ ಕೀಲುಂಗ್ ನದಿಗೆ ಬಿತ್ತು. ಒಳಗಿದ್ದ 58 ಜನರಲ್ಲಿ 43 ಮಂದಿ ಸತ್ತರು.

ಆ ಬಳಿಕ ತೈವಾನ್ ಸರ್ಕಾರ ಈ ಸಂಸ್ಥೆಯ ಎಟಿಆರ್ ಪೈಲಟ್‌ಗಳಿಗೆ ಎಂಜಿನ್ ನಿಂತಾಗ ಮಾಡಬೇಕಾದ ಕ್ರಮಗಳ ಬಗ್ಗೆ ಮೌಖಿಕ ಪರೀಕ್ಷೆ ನಡೆಸಿತು. 10 ಮಂದಿ ಫೇಲಾದರು. ಸತ್ತ ಕ್ಯಾಪ್ಟನ್ ಕೂಡ 2014ರಲ್ಲಿ ಬಡ್ತಿಗಾಗಿ ಕೊಟ್ಟ ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಮೊದಲು ಫೇಲಾಗಿ, ಆಮೇಲೆ ಪಾಸಾದವರು.

ಪರೀಕ್ಷೆಯಲ್ಲಿ ಏನು ನೋಡುತ್ತಾರೆ?

ಟೇಕಾಫ್ ಆಗುತ್ತಿದ್ದಂತೆ ಸಿಮ್ಯುಲೇಟರಿನಲ್ಲಿ ಒಂದು ಎಂಜಿನ್ ನಿಲ್ಲಿಸುತ್ತಾರೆ. ವಿಮಾನ ಒಂದು ಬದಿಗೆ ಎಳೆಯುತ್ತದೆ. ಪೈಲಟ್ ಮೊದಲು ಕಾಲಿನ ಪೆಡಲ್ ಒತ್ತಿ ಅದನ್ನು ನೇರ ಮಾಡಬೇಕು, ವೇಗ ಕಾಯ್ದುಕೊಳ್ಳಬೇಕು, ಚಕ್ರ ಒಳಗೆಳೆದು ಸುರಕ್ಷಿತ ಎತ್ತರಕ್ಕೆ ಏರಬೇಕು. ನಿಂತದ್ದು ಯಾವ ಎಂಜಿನ್ ಎಂದು ಇಬ್ಬರೂ ಪೈಲಟ್‌ಗಳು ಮೀಟರ್ ನೋಡಿ, ಬಾಯಿಬಿಟ್ಟು ಹೇಳಿ ಖಚಿತಪಡಿಸಿಕೊಂಡ ಮೇಲಷ್ಟೇ ಲಿವರ್ ಮುಟ್ಟಬೇಕು. ಇಲ್ಲಿ ಗಡಿಬಿಡಿ ಮಾಡಿದವರು ಫೇಲ್. ಭಾರತದಲ್ಲೂ ವಿಮಾನಯಾನ ಸಂಸ್ಥೆಗಳ ಪೈಲಟ್‌ಗಳಿಗೆ ಆರು ತಿಂಗಳಿಗೊಮ್ಮೆ ಕೌಶಲ ಪರೀಕ್ಷೆ ಇರುತ್ತದೆ.

ಕೊನೆಯ ಮಾತು

ಒಂದು ಎಂಜಿನ್ ನಿಂತ ಮಾತ್ರಕ್ಕೆ ವಿಮಾನ ಬೀಳುವುದಿಲ್ಲ. ತೈಪೆಯಲ್ಲಿ ವಿಮಾನವನ್ನು ಬೀಳಿಸಿದ್ದು ಸರಿಯಾಗಿದ್ದ ಎಂಜಿನನ್ನು ನಿಲ್ಲಿಸಿದ ಕೈ. ಹಾಗಾಗಿ ಫ್ಯಾನ್ ನೋಡಿ ಹೆದರಬೇಡಿ. ಕೇಳಬೇಕಾದ ಪ್ರಶ್ನೆ ಒಂದೇ: ಪೈಲಟ್ ಪರೀಕ್ಷೆ ಕಟ್ಟುನಿಟ್ಟಾಗಿ ನಡೆಯುತ್ತಿದೆಯೇ? ಹೆದರಿಸುವ ಮೆಸೇಜ್ ಬಂದರೆ ಮುಂದೆ ಕಳಿಸುವ ಮೊದಲು ಇದನ್ನು ನೆನಪಿಸಿಕೊಳ್ಳಿ.