ಒಳಗಿದ್ದ ಹಾಡು ಹೊರಗೆ ಬಾರದಾಗ...

ದಿನವಿಡೀ ಕೋಡ್ ಬರೆಯುವ ನಮಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಪ್ರೋಗ್ರಾಮಿನ ಯಾವ ಭಾಗ ಏನು ಮಾಡ್ತಿತ್ತು ಅನ್ನೋದು ಸ್ಪಷ್ಟವಾಗೋದು ಅದು ಕೆಟ್ಟಾಗಲೇ! ಮೆದುಳಿನ ಕಥೆಯೂ ಹೆಚ್ಚುಕಡಿಮೆ ಹಾಗೇ. ‘ಎಡ ಮೆದುಳು ಲೆಕ್ಕಕ್ಕೆ, ಬಲ ಮೆದುಳು ಕಲೆಗೆ’ ಅನ್ನೋ ಮಾತನ್ನು ನೀವೂ ಕೇಳಿರ್ತೀರಿ. ಇಬ್ಬರು ಸಂಗೀತಗಾರರ ಬಗ್ಗೆ ಓದಿದ ಮೇಲೆ ವಿಷಯ ಅಷ್ಟು ಸರಳವಾಗಿಲ್ಲ ಅನ್ನಿಸಿತು.

ಮೊದಲನೆಯವರು ಸೋವಿಯತ್ ರಷ್ಯಾದ ವಿಸ್ಸಾರಿಯೋನ್ ಶೆಬಾಲಿನ್. 1942ರಿಂದ 1948ರವರೆಗೆ ಮಾಸ್ಕೋದ ಸಂಗೀತ ವಿದ್ಯಾಲಯದ ನಿರ್ದೇಶಕರಾಗಿದ್ದವರು. 1953ರಲ್ಲಿ ಪಾರ್ಶ್ವವಾಯು ಹೊಡೆಯಿತು, 1959ರಲ್ಲಿ ಮತ್ತೊಮ್ಮೆ. ಏಟು ಬಿದ್ದದ್ದು ಮೆದುಳಿನ ಎಡಭಾಗಕ್ಕೆ. ಎದುರಿನವರ ಮಾತು ಅರ್ಥ ಮಾಡಿಕೊಳ್ಳೋದು ಕಷ್ಟ, ತಾವು ಮಾತಾಡೋದು ಇನ್ನೂ ಕಷ್ಟ. ಆದರೆ ಸಂಗೀತ ರಚನೆ ಮಾತ್ರ ನಿಲ್ಲಲಿಲ್ಲ! 1962ರಲ್ಲಿ ಐದನೇ ಸಿಂಫನಿ ಮುಗಿಸಿದರು, ಮರುವರ್ಷ ತೀರಿಕೊಂಡರು. ಆ ಸಿಂಫನಿಯನ್ನು ಶೊಸ್ತಕೋವಿಚ್‌ರಂಥವರೇ ಮೆಚ್ಚಿಕೊಂಡರು. ನರಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾ ಮತ್ತು ಸಂಗಡಿಗರು 1965ರಲ್ಲಿ ಇವರ ಬಗ್ಗೆ ಪ್ರಬಂಧ ಬರೆದರು.

ಇನ್ನೊಬ್ಬರು ಫ್ರಾನ್ಸಿನ ಮೋರಿಸ್ ರವೆಲ್, 1928ರಲ್ಲಿ ‘ಬೊಲೆರೊ’ ರಚಿಸಿದವರು. 1932ರಲ್ಲಿ ಟ್ಯಾಕ್ಸಿ ಅಪಘಾತದಲ್ಲಿ ಅವರ ತಲೆಗೆ ಪೆಟ್ಟಾಯಿತು. ಕಾಯಿಲೆಯ ಸುಳಿವು ಅದಕ್ಕೂ ಮೊದಲೇ ಇತ್ತು. ಅದು ಯಾವ ಕಾಯಿಲೆ ಅಂತ ವೈದ್ಯರು ಆಮೇಲೂ ಚರ್ಚಿಸುತ್ತಲೇ ಬಂದರು. ಬರೆಯೋದು, ಮಾತಾಡೋದು ಕ್ರಮೇಣ ಕೈತಪ್ಪಿತು. ಅವರನ್ನು ಪರೀಕ್ಷಿಸಿದ ವೈದ್ಯ ಅಲಾಜುವಾನಿನ್ 1948ರಲ್ಲಿ ಪ್ರಕಟಿಸಿದ ವಿವರ ಓದಿದರೆ ಸಂಕಟ ಆಗುತ್ತೆ. ರಾಗ ಕೇಳಿದರೆ ರವೆಲ್ ಗುರುತಿಸುತ್ತಿದ್ದರು. ಒಂದು ಸ್ವರ ತಪ್ಪಿದರೂ, ಪಿಯಾನೋ ಶ್ರುತಿ ಕೆಟ್ಟಿದ್ದರೂ ತಕ್ಷಣ ತಿಳಿಯುತ್ತಿತ್ತು. ಆದರೆ ಸ್ವರಲಿಪಿ ಓದಿ ನುಡಿಸೋದು, ಬರೆಯೋದು ಆಗುತ್ತಿರಲಿಲ್ಲ. ಜೋನ್ ಆಫ್ ಆರ್ಕ್ ಬಗ್ಗೆ ಬರೆಯಬೇಕೆಂದಿದ್ದ ಒಪೆರಾ ತಲೆಯೊಳಗೇ ಉಳಿಯಿತು. 1937ರ ಡಿಸೆಂಬರ್‌ನಲ್ಲಿ, ಮೆದುಳಿನ ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು.

ಒಬ್ಬರಿಗೆ ಮಾತು ಹೋಗಿ ಸಂಗೀತ ಉಳಿಯಿತು. ಇನ್ನೊಬ್ಬರಿಗೆ ಸಂಗೀತ ಒಳಗೇ ಉಳಿದು, ಹೊರಬರುವ ದಾರಿ ಮುಚ್ಚಿತು. ಅಂದರೆ ‘ಸೃಜನಶೀಲತೆ’ ಅಂತ ನಾವು ಒಂದೇ ಹೆಸರಿಟ್ಟು ಕರೆಯೋದರೊಳಗೆ ಹಲವು ಕೆಲಸಗಳಿವೆ: ಹೊಳೆಯೋದು, ಒಪ್ಪ ಮಾಡೋದು, ಸರಿ ತಪ್ಪು ನೋಡೋದು, ಕೊನೆಗೆ ಕಾಗದಕ್ಕಿಳಿಸೋದು. ಇವೆಲ್ಲ ಮೆದುಳಿನ ಒಂದೇ ಮೂಲೆಯಲ್ಲಿ ಕೂತಿಲ್ಲ. ಇಬ್ಬರ ಕಥೆಯಿಂದ ಇಡೀ ಮೆದುಳಿನ ನಕ್ಷೆ ಬರೆಯೋಕಾಗಲ್ಲ, ನಿಜ. ಆದರೆ ಒಂದಿಷ್ಟು ತಿಳಿಯುತ್ತೆ.

ಪಾರ್ಶ್ವವಾಯು ಹೊಡೆದು ಮಾತು ನಿಂತವರ ಎದುರು ಕೂತು ‘ಪಾಪ, ಅವರಿಗೇನೂ ಗೊತ್ತಾಗಲ್ಲ’ ಅಂತ ನಾವು ಎಷ್ಟು ಸಲೀಸಾಗಿ ಅಂದುಬಿಡ್ತೀವಿ ಅಲ್ವಾ? ಅವರೊಳಗೆ ಯಾವ ಹಾಡು ನಡೀತಿದೆಯೋ, ಯಾರಿಗೆ ಗೊತ್ತು...