ಕವಳಿ, ನೇರಳೆ, ನೆಲ್ಲಿ

ವೈಶಾಖ ಬಂದಿತೆಂದರೆ ಮುಂಬಯಿಯ ರೈಲು ನಿಲ್ದಾಣಗಳ ಹೊರಗೆ ಗುಡ್ಡಗಾಡಿನ ಹೆಂಗಸರು ಎಲೆಯ ದೊನ್ನೆಗಳಲ್ಲಿ ಕಪ್ಪು ಹಣ್ಣುಗಳನ್ನಿಟ್ಟು ಮಾರುತ್ತ ಕುಳಿತಿರುತ್ತಾರೆ. ನಮ್ಮ ಮಕ್ಕಳು ಅದನ್ನು ‘ಕರವಂದ’ವೆಂದು ಬಲ್ಲರು. ಊರಿನ ಬೇಲಿಯಲ್ಲಿ ಮುಳ್ಳು ಚುಚ್ಚಿಸಿಕೊಂಡು, ತುಟಿಗೆ ಅಂಟು ಮೆತ್ತಿಕೊಂಡು ನಾವು ತಿಂದ ಕವಳಿಹಣ್ಣೇ ಅದೆಂದು ಅವರಿಗೆ ಹೇಳಿದವರಾರು? ೧೯೫೬ರಲ್ಲಿ ರಾಜ್ಯಗಳ ಗಡಿಯನ್ನು ಹೊಸದಾಗಿ ಬರೆದರು. ಸಹ್ಯಾದ್ರಿಯ ಗಿಡಗಳು ಆ ಗಡಿಯನ್ನು ಅರಿಯವು.

೧೬ನೆಯ ಶತಮಾನದ ಭಾವಮಿಶ್ರನು ‘ಭಾವಪ್ರಕಾಶ’ದಲ್ಲಿ ಇದನ್ನು ಕರಮರ್ದವೆಂದು ಕರೆದು, ಕಾಯಿ ಹುಳಿಯಾದುದು, ನೀರಡಿಕೆ ಹಿಂಗಿಸುವುದು, ಹಣ್ಣು ಸಿಹಿಯಾದುದು, ಪಿತ್ತಶಾಮಕವಾದುದು ಎಂದಿದ್ದಾನೆ. ನಮ್ಮ ತಾಯಂದಿರು ಆ ಗ್ರಂಥವನ್ನು ಓದಿದವರಲ್ಲ. ಆದರೂ ಎಳೆಯ ಕಾಯನ್ನು ಉಪ್ಪಿನಲ್ಲಿ ಹಾಕಿಟ್ಟು, ಜ್ವರ ಬಿಟ್ಟು ಬಾಯಿ ಕೆಟ್ಟವರಿಗೆ ಗಂಜಿಯೊಡನೆ ಬಡಿಸುತ್ತಿದ್ದರು.

ನೇರಳೆಯ ಕಥೆ ಇನ್ನೂ ಹಳೆಯದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಅಶೋಕನ ಶಾಸನವನ್ನು ಕಂಡುಹಿಡಿದರು. ಕ್ರಿಸ್ತಪೂರ್ವ ೩ನೆಯ ಶತಮಾನದ ಆ ಬಂಡೆಯ ಮೇಲೆ ನಮ್ಮ ದೇಶದ ಹೆಸರು ಜಂಬೂದ್ವೀಪ. ಜಂಬೂ ಎಂದರೆ ನೇರಳೆಯೆಂದೇ ನಾಡಿನ ರೂಢಿ. ಅದರ ತೊಗಟೆಯ ಕಷಾಯದಿಂದ ಬಾಯಿ ಮುಕ್ಕಳಿಸುವುದೂ, ಬೀಜದ ಪುಡಿಯನ್ನು ಮಧುಮೇಹಕ್ಕೆ ಕೊಡುವುದೂ ಮನೆವೈದ್ಯದಲ್ಲಿ ಉಂಟು. ೧೯೨೧ರಲ್ಲಿ ಇನ್ಸುಲಿನ್ ದೊರೆಯುವ ಮೊದಲೇ ಯುರೋಪಿನ ವೈದ್ಯರು ಕೂಡ ಈ ಬೀಜವನ್ನು ಪರೀಕ್ಷಿಸಿದ್ದರು. ಆದರೆ ಅದು ವೈದ್ಯರು ಕೊಡುವ ಔಷಧಿಗೆ ಬದಲಾಗಲಾರದೆಂಬುದನ್ನು ಮರೆಯಬಾರದು.

ಇನ್ನು ಬೆಟ್ಟದ ನೆಲ್ಲಿ. ಚ್ಯವನಪ್ರಾಶಕ್ಕೆ ಅದೇ ಮೂಲದ್ರವ್ಯ. ಮೂರನೆಯ ಮಂಗರಸನು ೧೬ನೆಯ ಶತಮಾನದ ಆರಂಭದಲ್ಲಿ ಅಡುಗೆಯನ್ನೇ ವಸ್ತುವಾಗಿಸಿ ಕನ್ನಡದಲ್ಲಿ ರಚಿಸಿದ ‘ಸೂಪಶಾಸ್ತ್ರ’ದಲ್ಲಿಯೂ ಅದಕ್ಕೆ ಸ್ಥಾನವುಂಟು. ಮಲೆನಾಡಿನ ಮನೆಗಳಲ್ಲಿ ಒಣಗಿಸಿಟ್ಟ ನೆಲ್ಲಿಚೆಟ್ಟು ಮಳೆಗಾಲದ ತಂಬುಳಿಗೆ ಒದಗುತ್ತದೆ.

ಇವೆಲ್ಲ ಯಾರೂ ಬಿತ್ತಿ ಬೆಳೆದವಲ್ಲ, ಕಾಡು ಕೊಟ್ಟವು. ಅವುಗಳ ಗುಣವನ್ನು ಗ್ರಂಥಗಳು ಸ್ವಲ್ಪ ಕಾಪಾಡಿದವು. ಹೆಚ್ಚಿನದನ್ನು ಅಜ್ಜಿಯಂದಿರ ಮಾತು ಕಾಪಾಡಿತು. ಪರಸ್ಥಳದಲ್ಲಿರುವ ನಮ್ಮ ಮನೆಗಳಲ್ಲಿ ಆ ಮಾತು ನಿಂತರೆ ಹಣ್ಣು ಪೇಟೆಯಲ್ಲಿ ದೊರೆತೀತು, ಅದರ ಕನ್ನಡದ ಹೆಸರು ದೊರೆಯಲಾರದು.

ರಾಜ್ಯೋತ್ಸವದ ಹಿಂದುಮುಂದೆಯೇ ಕಾರ್ತಿಕದ ತುಳಸೀಪೂಜೆ ಬರುವುದು. ಗ್ಯಾಲರಿಯ ಕುಂಡದಲ್ಲಿಯಾದರೂ ತುಳಸಿಯ ಪಕ್ಕಕ್ಕೆ ನೆಲ್ಲಿಯ ಟೊಂಗೆಯನ್ನು ಮಕ್ಕಳ ಕೈಯಿಂದಲೇ ನೆಡಿಸೋಣ. ನೆರೆಯವರಿಗೆ ಅದು ‘ಆವಳಾ’. ಆ ಹೆಸರನ್ನೂ ಕಲಿಯಲಿ. ನಮ್ಮ ಮನೆಯಲ್ಲಿ ಮಾತ್ರ ಅದು ನೆಲ್ಲಿಯಾಗಿಯೇ ಉಳಿಯಲಿ.