ನಾಲಿಗೆಯ ಕರಾರು: ಕಿಲ್ಲರ್ ವೇಲ್‌ಗಳ ಜೊತೆ ಪಾಲುದಾರಿಕೆ ಮಾಡಿದ ಊರು

ಈ ಸಲ ಕಥೆ ಶುರು ಮಾಡೋಕೆ ಮುಂಚೆ ಒಂದು ತಪ್ಪೊಪ್ಪಿಗೆ ಇದೆ.

ಕಳೆದ ವರ್ಷ ನಾನೊಂದು ಚಿಕ್ಕ ರೀಲ್ ಮಾಡಿದ್ದೆ. ಆಸ್ಟ್ರೇಲಿಯಾದಲ್ಲಿ ಓಲ್ಡ್ ಟಾಮ್ ಅನ್ನೋ ಒಂದು ಕಿಲ್ಲರ್ ವೇಲ್ ಇತ್ತು, ಮನುಷ್ಯರಿಗೆ ಬೇಟೆಯಲ್ಲಿ ಸಹಾಯ ಮಾಡ್ತಿತ್ತು, ಒಬ್ಬ ದುರಾಸೆಯ ಮನುಷ್ಯ ಅದಕ್ಕೆ ಮೋಸ ಮಾಡಿದ, ಅದು ಸತ್ತೇ ಹೋಯ್ತು ಅಂತ. ಹಿಂದೆ ದುಃಖದ ಪಿಯಾನೋ. ನನ್ನ ಬೇರೆ ಯಾವ ವಿಡಿಯೋಗೂ ಬರದಷ್ಟು ವ್ಯೂಸ್ ಬಂತು. ಅಳೋ ಇಮೋಜಿಗಳು ಸಾಲು ಸಾಲು. ಆಮೇಲೆ ಪೂರ್ತಿ ಎಪಿಸೋಡ್ ಮಾಡೋಣ ಅಂತ ಓದೋಕೆ ಕೂತೆ. ಓದ್ತಾ ಓದ್ತಾ ಗೊತ್ತಾಯ್ತು, ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಆ ಒಂದು ನಿಮಿಷದಲ್ಲಿ ಈ ಕಥೆಯ ನಿಜವಾದ ಮಾಲೀಕರನ್ನೇ ಬಿಟ್ಟುಬಿಟ್ಟಿದ್ದೆ. ಹಾಗಾಗಿ ಇವತ್ತು ಮೊದಲಿಂದ ಹೇಳ್ತೀನಿ.

ಜಾಗ ಮೊದಲು. ಆಸ್ಟ್ರೇಲಿಯಾದ ಭೂಪಟ ತೆಗೀರಿ. ಸಿಡ್ನಿಯಿಂದ ಕರಾವಳಿ ಹಿಡಿದು ಮೆಲ್ಬರ್ನ್ ಕಡೆ ಇಳಿದರೆ, ನ್ಯೂ ಸೌತ್ ವೇಲ್ಸ್ ರಾಜ್ಯ ಇನ್ನೇನು ಮುಗೀಬೇಕು ಅನ್ನೋ ಕಡೆ ಟೂಫೋಲ್ಡ್ ಬೇ ಅನ್ನೋ ಆಳವಾದ ಕೊಲ್ಲಿ. ಅದರ ದಡದಲ್ಲಿ ಈಡನ್ ಅನ್ನೋ ಚಿಕ್ಕ ಊರು. ಪ್ರತಿ ವರ್ಷ ಹಂಪ್‌ಬ್ಯಾಕ್ ಮತ್ತು ರೈಟ್ ವೇಲ್ ಜಾತಿಯ ದೊಡ್ಡ ತಿಮಿಂಗಿಲಗಳು ಅಂಟಾರ್ಕ್ಟಿಕಾದ ಚಳಿ ಬಿಟ್ಟು, ಮರಿ ಹಾಕೋಕೆ ಬೆಚ್ಚಗಿನ ನೀರಿಗೆ ಈ ದಾರಿಯಲ್ಲೇ ಹೋಗಿಬರುತ್ತವೆ. ಅವುಗಳನ್ನು ಕಾಯೋಕೆ ಕಿಲ್ಲರ್ ವೇಲ್‌ಗಳು ಅಲ್ಲಿಗೆ ಬರುತ್ತಿದ್ದವು. ಹೆಸರಲ್ಲಿ ವೇಲ್ ಇದ್ದರೂ ಆರ್ಕಾ ಅಥವಾ ಕಿಲ್ಲರ್ ವೇಲ್ ನಿಜಕ್ಕೂ ಡಾಲ್ಫಿನ್ ಕುಟುಂಬದ್ದು, ಅದರಲ್ಲಿ ಅತಿ ದೊಡ್ಡದು.

ಈಗ ಕೆಲಸ ಹೇಗೆ ನಡೀತಿತ್ತು ನೋಡಿ. ಕಿಲ್ಲರ್‌ಗಳು ಸಮುದ್ರದಲ್ಲಿ ಹೋಗ್ತಿರೋ ದೊಡ್ಡ ತಿಮಿಂಗಿಲವನ್ನು ಸುತ್ತುವರಿದು ಕೊಲ್ಲಿಯ ಒಳಗೆ ಅಟ್ಟುತ್ತಿದ್ದವು, ನಮ್ಮಲ್ಲಿ ನಾಯಿಗಳು ಕುರಿ ಅಟ್ಟಿದ ಹಾಗೆ. ಅಷ್ಟರಲ್ಲಿ ಒಂದೋ ಎರಡೋ ಕಿಲ್ಲರ್ ಗುಂಪು ಬಿಟ್ಟು, ಕೈಯಾ ನದಿ ಸಮುದ್ರ ಸೇರೋ ಜಾಗದಲ್ಲಿ ಇದ್ದ ಬೇಟೆಗಾರರ ಮನೆಗಳ ಮುಂದೆ ಬಂದು ಬಾಲವನ್ನು ನೀರಿಗೆ ಪಟಪಟ ಬಡಿಯುತ್ತಿದ್ದವು. ರಾತ್ರಿಯಾದರೂ ಸರಿ. ಆ ಸದ್ದಿಗೆ ಜನ ಹಾಸಿಗೆಯಿಂದ ಎದ್ದು, ದೋಣಿ ಎಳೆದು, ಹುಟ್ಟು ಹಾಕ್ಕೊಂಡು ಹೊರಡೋರು. ಎಂಜಿನ್ ಇಲ್ಲ. ಗನ್ ಇಲ್ಲ. ಕೈಯಲ್ಲಿ ಎಸೆಯೋ ಹಾರ್ಪೂನ್, ಆಮೇಲೆ ಉದ್ದನೆಯ ಭರ್ಜಿ. ಸಿಡಿಯೋ ಹಾರ್ಪೂನ್ ಗನ್‌ಗಳು ಆ ಕಾಲಕ್ಕೆ ಬಂದಿದ್ದವು, ಆದರೆ ಆ ಸದ್ದಿಗೆ ಕಿಲ್ಲರ್‌ಗಳು ಓಡಿಹೋಗ್ತವೆ ಅಂತ ಇಲ್ಲಿನವರು ಬಳಸಲಿಲ್ಲ. ಕಿಲ್ಲರ್‌ಗಳಲ್ಲಿ ಕೆಲವು ತಿಮಿಂಗಿಲದ ಕೆಳಗೆ ಹೋಗಿ ಅದು ಆಳಕ್ಕೆ ಮುಳುಗದಂತೆ ತಡೆಯೋವು. ಕೆಲವು ಅದರ ಉಸಿರಾಟದ ರಂಧ್ರದ ಮೇಲೇ ಬಿದ್ದು ಉಸಿರು ಕಟ್ಟಿಸೋವು.

ಕ್ರೂರ ಅನ್ನಿಸ್ತಾ? ನನಗೂ ಅನ್ನಿಸ್ತು. ಇದು ಮುದ್ದಾದ ಸ್ನೇಹದ ಕಥೆ ಅಲ್ಲ. ಇಬ್ಬರು ಬೇಟೆಗಾರರು ಸೇರಿ ಮೂರನೆಯವನನ್ನು ಕೊಲ್ಲೋ ಕಥೆ. ನನ್ನ ರೀಲ್‌ನಲ್ಲಿ ಆ ಮೂರನೆಯ ಪ್ರಾಣಿಗೆ ಒಂದು ಸೆಕೆಂಡ್ ಕೂಡ ಸಿಕ್ಕಿರಲಿಲ್ಲ.

ಈಗ ನನ್ನಂಥ ಬಿಕಾಂ ಹುಡುಗರಿಗೆ ಇಷ್ಟವಾಗೋ ಭಾಗ. ತಿಮಿಂಗಿಲ ಸತ್ತ ಮೇಲೆ ಜನ ಅದನ್ನು ತಕ್ಷಣ ದಡಕ್ಕೆ ಎಳೀತಿರಲಿಲ್ಲ. ಅದಕ್ಕೊಂದು ಲಂಗರು, ಗುರುತಿಗೆ ಒಂದು ತೇಲುಬುರುಡೆ ಕಟ್ಟಿ ಮನೆಗೆ ವಾಪಸ್. ಒಂದೆರಡು ದಿನ ಅದು ಕಿಲ್ಲರ್‌ಗಳದ್ದು. ಅವು ತುಟಿ ಮತ್ತು ನಾಲಿಗೆ ಮಾತ್ರ ತಿಂದು ಉಳಿದದ್ದನ್ನು ಬಿಡೋವು. ಇದಕ್ಕೆ ಈಡನ್ ಜನ ಇಟ್ಟ ಹೆಸರೇ ‘ನಾಲಿಗೆಯ ಕಾನೂನು’.

ಬಿಕಾಂನಲ್ಲಿ ಬಿಸಿನೆಸ್ ಲಾ ಓದಿದವರಿಗೆ ನೆನಪಿರಬೇಕು, 1872ರ ಕಾಂಟ್ರ್ಯಾಕ್ಟ್ ಕಾಯ್ದೆ. ಒಬ್ಬ ಪ್ರಸ್ತಾಪ ಇಡಬೇಕು, ಇನ್ನೊಬ್ಬ ಒಪ್ಪಬೇಕು, ಎರಡೂ ಕಡೆ ಪ್ರತಿಫಲ ಇರಬೇಕು. ಬಾಲ ಬಡಿದದ್ದು ಪ್ರಸ್ತಾಪ. ದೋಣಿ ಇಳಿಸಿದ್ದು ಒಪ್ಪಿಗೆ. ನಾಲಿಗೆ ಪ್ರತಿಫಲ. ಸಹಿ ಮಾತ್ರ ಇಲ್ಲ. ಪರೀಕ್ಷೆಯಲ್ಲಿ ಹೀಗೆ ಬರೆದಿದ್ರೆ ನಮ್ಮ ಲೆಕ್ಚರರ್ ಸೊನ್ನೆ ಕೊಡೋರು, ಯಾಕಂದ್ರೆ ಕರಾರು ಮಾಡೋ ಅರ್ಹತೆ ಕಾನೂನಿನ ಪ್ರಕಾರ ಪ್ರಾಣಿಗಳಿಗೆ ಇಲ್ಲ!

ಆದರೆ ಲೆಕ್ಕ ನೋಡಿದರೆ ಇದರಲ್ಲಿ ಮನುಷ್ಯರ ತ್ಯಾಗ ಏನೂ ಇಲ್ಲ. ಹಂಪ್‌ಬ್ಯಾಕ್ ಸತ್ತ ಮೇಲೆ ಮುಳುಗುತ್ತೆ. ಮುಳುಗಿದ್ದನ್ನು ಕೈಯಿಂದ ಹುಟ್ಟು ಹಾಕೋ ದೋಣಿಯಲ್ಲಿ ಎಳೆಯೋದು ದೊಡ್ಡ ಕಷ್ಟ. ಒಂದೆರಡು ದಿನ ಬಿಟ್ಟರೆ ಒಳಗೆ ಗ್ಯಾಸ್ ತುಂಬಿ ಅದೇ ತೇಲಿ ಬರುತ್ತೆ. ಅಂದರೆ ಜನ ಹೇಗಿದ್ದರೂ ಕಾಯಲೇಬೇಕಿತ್ತು. ಕಾಯೋ ಸಮಯದಲ್ಲಿ ಪಾರ್ಟ್ನರ್‌ಗೆ ಸಂಬಳ ಆಗಿಹೋಗ್ತಿತ್ತು. ಮನುಷ್ಯರಿಗೆ ದುಡ್ಡು ಬರ್ತಿದ್ದದ್ದು ಮುಖ್ಯವಾಗಿ ಎರಡರಿಂದ: ಚರ್ಮದ ಕೆಳಗಿನ ಕೊಬ್ಬನ್ನು ಕುದಿಸಿ ತೆಗೆಯೋ ಎಣ್ಣೆ, ಮತ್ತೆ ಬಾಯಲ್ಲಿ ಜರಡಿಯ ಹಾಗೆ ಇಳಿಬಿದ್ದಿರೋ ಬಲೀನ್. ಎಣ್ಣೆ ದೀಪಕ್ಕೆ, ಯಂತ್ರಕ್ಕೆ. ಬಲೀನ್ ಹೆಂಗಸರ ಕಾರ್ಸೆಟ್‌ಗೆ, ಕೊಡೆಯ ಕಡ್ಡಿಗೆ. ಇಷ್ಟು ಚೆನ್ನಾಗಿ ಎರಡೂ ಕಡೆ ಹೊಂದೋ ವ್ಯವಹಾರ ನಾನಂತೂ ಯಾವ ಕೇಸ್ ಸ್ಟಡಿಯಲ್ಲೂ ಓದಿಲ್ಲ.

ಈಗ ಆ ತಪ್ಪಿನ ವಿಷಯ. ಈ ಕರಾರು ಮಾಡಿದ್ದು ಯಾರು?

ರೀಲ್‌ನಲ್ಲಿ ನಾನು ಡೇವಿಡ್ಸನ್ ಕುಟುಂಬದ ಹೆಸರು ಹೇಳಿದ್ದೆ. ಸ್ಕಾಟ್ಲೆಂಡ್‌ನಿಂದ ಬಂದ ಅಲೆಕ್ಸಾಂಡರ್ ಡೇವಿಡ್ಸನ್ 1860ರ ದಶಕದಲ್ಲಿ ಇಲ್ಲಿ ತಿಮಿಂಗಿಲ ಬೇಟೆ ಶುರು ಮಾಡಿದರು. ಮಗ ಜಾನ್, ಮೊಮ್ಮಗ ಜಾರ್ಜ್ ಮುಂದುವರಿಸಿದರು. ಓಲ್ಡ್ ಟಾಮ್ ಕಥೆಯ ಹೀರೋ ಅಂತ ಎಲ್ಲರೂ ಹೇಳೋದು ಈ ಜಾರ್ಜ್ ಡೇವಿಡ್ಸನ್ ಹೆಸರನ್ನೇ. ಆದರೆ ಅದಕ್ಕೂ ಮುಂಚೆ, 1840ರ ದಶಕದಲ್ಲಿ, ಆಸ್ವಾಲ್ಡ್ ಬ್ರಿಯರ್ಲಿ ಅನ್ನೋ ಚಿತ್ರಕಾರ ಇದೇ ಕೊಲ್ಲಿಯಲ್ಲಿ ಬೆಂಜಮಿನ್ ಬಾಯ್ಡ್ ಅನ್ನೋ ಸಾಹುಕಾರನ ಬೇಟೆ ಕೆಲಸ ನೋಡ್ಕೊಳ್ತಿದ್ದ. ಅವನ ದಿನಚರಿಯಲ್ಲೇ ಕಿಲ್ಲರ್‌ಗಳ ಪ್ರಸ್ತಾಪ ಇದೆ, ದೋಣಿಯಲ್ಲಿ ಕೂತ ಮೂಲನಿವಾಸಿಗಳ ಪ್ರಸ್ತಾಪವೂ ಇದೆ.

ಆ ಮೂಲನಿವಾಸಿಗಳು ಯುಯಿನ್ ಸಮುದಾಯಕ್ಕೆ ಸೇರಿದ ಥಾವ ಜನ. ಬಿಳಿಯರ ಹಡಗು ಬರೋಕೆ ತುಂಬಾ ಹಿಂದಿನಿಂದ ಆ ಕರಾವಳಿಯಲ್ಲಿ ಬದುಕಿದವರು. ಕಿಲ್ಲರ್‌ಗಳು ಅಟ್ಟಿ ದಡಕ್ಕೆ ಹತ್ತಿಸಿದ ತಿಮಿಂಗಿಲ ಅವರಿಗೆ ಊಟ, ಹಬ್ಬ. ಸತ್ತ ತಮ್ಮ ಹಿರಿಯರೇ ಕಿಲ್ಲರ್‌ಗಳಾಗಿ ಹುಟ್ಟಿ ಬಂದಿದ್ದಾರೆ ಅಂತ ಅವರು ನಂಬುತ್ತಿದ್ದರು. ಅಜ್ಜನಿಗೆ ಎಡೆ ಇಡದೆ ಊಟ ಮಾಡೋಕಾಗುತ್ತಾ? ನಮ್ಮಲ್ಲೂ ಹಿರಿಯರ ಹಬ್ಬ ಮಾಡೋರಿಗೆ ಇದನ್ನು ವಿವರಿಸಬೇಕಿಲ್ಲ. ಡೇವಿಡ್ಸನ್ ದೋಣಿಗಳಲ್ಲಿ ಹುಟ್ಟು ಹಾಕ್ತಿದ್ದವರಲ್ಲಿ, ಹಾರ್ಪೂನ್ ಎಸೀತಿದ್ದವರಲ್ಲಿ ಈ ಜನರೇ ಬಹಳ. ಕಿಲ್ಲರ್‌ಗಳಿಗೆ ಒಂದೊಂದಕ್ಕೂ ಹೆಸರಿತ್ತು: ಟಾಮ್, ಹುಕ್ಕಿ, ಹಂಪಿ, ಸ್ಟ್ರೇಂಜರ್, ಜಾಕ್ಸನ್, ಟೈಪಿ. ಬೆನ್ನಿನ ರೆಕ್ಕೆಯ ಆಕಾರ ನೋಡಿ ಗುರುತು ಹಿಡಿಯೋರು. ಕೆಲವು ಹೆಸರು ತೀರಿಹೋದ ಮೂಲನಿವಾಸಿ ಬೇಟೆಗಾರರದ್ದೇ.

ಅಂದರೆ ಡೇವಿಡ್ಸನ್ ಕುಟುಂಬ ಈ ಕರಾರನ್ನು ಬರೀಲಿಲ್ಲ. ಮೊದಲೇ ನಡೀತಿದ್ದ ಒಂದು ಸಂಬಂಧದೊಳಗೆ ಬಂದು ಸೇರಿಕೊಂಡರು. ನ್ಯಾಯವಾಗಿ ಹೇಳಬೇಕಂದ್ರೆ ಅದನ್ನು ಮರ್ಯಾದೆಯಿಂದ ಪಾಲಿಸಿದರು ಕೂಡ. ಆದರೆ ನಾನು ರೀಲ್‌ನಲ್ಲಿ ಹೊಸ ಪಾರ್ಟ್ನರ್ ಹೆಸರು ಹೇಳಿ, ಸ್ಥಾಪಕರ ಹೆಸರನ್ನೇ ಕೈಬಿಟ್ಟೆ.

ಸರಿ, ಕೊನೆಗೆ ಏನಾಯ್ತು? ಎಲ್ಲರೂ ಹೇಳೋ ಕಥೆ ಇದು. 1920ರ ದಶಕದ ಹೊತ್ತಿಗೆ ಕೊಲ್ಲಿಗೆ ಬರೋ ಕಿಲ್ಲರ್‌ಗಳು ಬೆರಳೆಣಿಕೆಯಷ್ಟು ಆಗಿದ್ದವು. ಒಂದು ದಿನ ಜಾನ್ ಲೋಗನ್ ಅನ್ನೋ ಜಮೀನುದಾರನ ಮೋಟಾರ್ ದೋಣಿಯಲ್ಲಿ ಜಾರ್ಜ್ ಡೇವಿಡ್ಸನ್ ಹೋಗಿದ್ದರು. ಟಾಮ್ ಒಂದು ಚಿಕ್ಕ ತಿಮಿಂಗಿಲವನ್ನು ಅಟ್ಟಿ ತಂದಿತ್ತು. ಕೊಂದದ್ದೂ ಆಯ್ತು. ಬಿರುಗಾಳಿ ಬರೋ ಸೂಚನೆ. ಲಂಗರು ಹಾಕಿ ಬಿಟ್ಟುಹೋದರೆ ಸಿಕ್ಕಿದ್ದೂ ಕೊಚ್ಚಿಹೋಗುತ್ತೆ ಅನ್ನೋ ಭಯಕ್ಕೆ ಲೋಗನ್ ಅದನ್ನು ಆಗಲೇ ದಡಕ್ಕೆ ಎಳೆಯೋಕೆ ಹೊರಟರು. ಟಾಮ್ ಹಗ್ಗ ಕಚ್ಚಿ ಹಿಂದಕ್ಕೆ ಎಳೀತು. ಎಳೆದಾಟದಲ್ಲಿ ಅದರ ಹಲ್ಲುಗಳು ಕಿತ್ತುಬಂದವು. ದೋಣಿಯಲ್ಲಿದ್ದ ಲೋಗನ್ ಅವರ ಪುಟ್ಟ ಮಗಳು ಇದನ್ನು ನೋಡಿದ್ದರು, ದೊಡ್ಡವರಾದ ಮೇಲೆ ಹೇಳಿದರು. ತಾನೇನು ಮಾಡಿಬಿಟ್ಟೆ ಅಂತ ಅಪ್ಪ ದೋಣಿಯಲ್ಲೇ ಹಲುಬಿದ್ದು ಅವರಿಗೆ ನೆನಪಿತ್ತು.

1930ರ ಸೆಪ್ಟೆಂಬರ್ 17ರಂದು ಟಾಮ್‌ನ ಹೆಣ ಕೊಲ್ಲಿಯಲ್ಲಿ ತೇಲುತ್ತಾ ಸಿಕ್ಕಿತು. ಕಿತ್ತ ಹಲ್ಲಿನ ಜಾಗ ಕೀವಾಗಿ, ತಿನ್ನೋಕಾಗದೆ ಹಸಿದು ಸತ್ತಿತು ಅಂತ ಊರಿನವರ ಮಾತು.

ಇಲ್ಲಿಗೆ ನನ್ನ ರೀಲ್ ಮುಗಿದಿತ್ತು. ಒಬ್ಬ ಅಪರಾಧಿ, ಒಂದು ಕ್ಷಣ, ಒಂದು ಶಿಕ್ಷೆ. ಕೇಳೋಕೆ ಚೆನ್ನಾಗಿದೆ. ಆದರೆ ಲೆಡ್ಜರ್ ತೆಗೆದು ನೋಡಿದರೆ ಈ ಕಂಪನಿ ಆಗಲೇ ಮುಳುಗಿತ್ತು.

ಪೆಟ್ರೋಲಿಯಂ ಬಂದು ತಿಮಿಂಗಿಲದ ಎಣ್ಣೆಯ ದೀಪ ಆರಿಸಿತ್ತು. ಸ್ಟೀಲ್ ಪಟ್ಟಿ ಬಂದಿತ್ತು, ಕಾರ್ಸೆಟ್ ಫ್ಯಾಷನ್ನೇ ಹೋಗಿತ್ತು, ಬಲೀನ್ ಕೇಳೋರಿಲ್ಲ. 1912ರ ಹೊತ್ತಿಗೆ ಉತ್ತರದ ಜರ್ವಿಸ್ ಬೇಗೆ ನಾರ್ವೆಯವರು ಕಾರ್ಖಾನೆಯಂಥ ಹಡಗು ತಂದು, ಉಗಿಯ ದೋಣಿ, ಹಾರ್ಪೂನ್ ಗನ್ ಇಟ್ಟು ಅದೇ ದಾರಿಯ ತಿಮಿಂಗಿಲಗಳನ್ನು ದೊಡ್ಡ ಪ್ರಮಾಣದಲ್ಲಿ ಹೊಡೆದರು. ಕಿಲ್ಲರ್‌ಗಳಿಗೂ ಗುಂಡು ಹಾಕಿದರು ಅನ್ನೋ ಗುಮಾನಿ ಈಡನ್‌ನಲ್ಲಿ ಇತ್ತು. ಇನ್ನೊಂದು ಹಳೇ ಘಟನೆಯನ್ನೂ ಊರು ನೆನೆಯುತ್ತೆ: ಆಳವಿಲ್ಲದ ನೀರಲ್ಲಿ ಸಿಕ್ಕಿಬಿದ್ದ ಒಂದು ಕಿಲ್ಲರ್ ಅನ್ನು ಹೊರಗಿನಿಂದ ಬಂದ ಅಲೆಮಾರಿಯೊಬ್ಬ ಕೊಂದ. ಮೂಲನಿವಾಸಿ ಬೇಟೆಗಾರರಿಗೆ ಅದು ಕೊಲೆಯೇ. ಮನೆಯವರನ್ನೇ ಕೊಂದ ಹಾಗೆ. ಹಾಗಾಗಿ ಲೋಗನ್ ಎಳೆದದ್ದು ಕೊನೆಯ ಹಗ್ಗ ಅಷ್ಟೇ. ಅವರು ದುರಾಸೆಯ ವಿಲನ್ ಕೂಡ ಅಲ್ಲ. ಟಾಮ್‌ನ ಅಸ್ಥಿಪಂಜರ ಉಳಿಸೋಕೆ, ಊರಲ್ಲಿ ಮ್ಯೂಸಿಯಂ ಆಗೋಕೆ ಮುಂದೆ ನಿಂತವರಲ್ಲಿ ಅವರೂ ಒಬ್ಬರು.

ಆ ಅಸ್ಥಿಪಂಜರ ಇವತ್ತಿಗೂ ಈಡನ್ ಕಿಲ್ಲರ್ ವೇಲ್ ಮ್ಯೂಸಿಯಂನಲ್ಲಿದೆ. ಹಲ್ಲು ಸವೆದಿರೋದು ಹಗ್ಗದಿಂದಲೇ ಅಂತ ಊರಿನವರು. ಶಾರ್ಕ್‌ನಂಥ ಒರಟು ಚರ್ಮದ ಮೀನು ತಿನ್ನೋ ಆರ್ಕಾಗಳ ಹಲ್ಲೂ ಹಾಗೇ ಸವೆಯುತ್ತೆ ಅನ್ನೋದು ಇನ್ನೊಂದು ವಾದ. 1980ರ ಸುಮಾರಿಗೆ ಹಲ್ಲಿನ ಪದರ ಎಣಿಸಿದವರು ಅದರ ವಯಸ್ಸು ಸುಮಾರು 35 ಅಂದರು. ಆ ಲೆಕ್ಕ ಸರಿಯಾದರೆ ಡೇವಿಡ್ಸನ್‌ರ ಅಜ್ಜ, ಅಪ್ಪ, ಮಗ ಮೂವರಿಗೂ ಬಾಲ ಬಡಿದದ್ದು ಒಂದೇ ಟಾಮ್ ಆಗೋಕೆ ಸಾಧ್ಯವಿಲ್ಲ. ಆದರೆ ಮುದಿ ಪ್ರಾಣಿಗಳಲ್ಲಿ ಈ ಎಣಿಕೆ ವಯಸ್ಸನ್ನು ಕಡಿಮೆ ತೋರಿಸುತ್ತೆ ಅನ್ನೋ ಆಕ್ಷೇಪವೂ ಇದೆ. ನಂಗೆ ಅನ್ನಿಸೋದು, ಒಂದು ಟಾಮ್ ಹೋದ ಮೇಲೆ ಇನ್ನೊಂದಕ್ಕೆ ಅದೇ ಹೆಸರು ಬಂದಿರಬಹುದು. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡಲ್ವಾ?

2023ರಲ್ಲಿ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಟಾಮ್‌ನ ಡಿಎನ್‌ಎ ತೆಗೆದು ಬೇರೆ ಬೇರೆ ಸಮುದ್ರದ ಆರ್ಕಾಗಳ ಜೊತೆ ಹೋಲಿಸಿದರು. ಆ ಪ್ರಬಂಧದ ಲೇಖಕರಲ್ಲಿ ಥಾವ ಸಮುದಾಯದವರೂ ಒಬ್ಬರಿದ್ದಾರೆ. ಇದು ನಂಗೆ ತುಂಬಾ ಇಷ್ಟವಾಯ್ತು. ಟಾಮ್‌ನ ಸಂಬಂಧಿಕರು ಎಲ್ಲಾದರೂ ಬದುಕಿದ್ದಾರಾ ಅನ್ನೋದು ಪ್ರಶ್ನೆ. ನ್ಯೂಜಿಲೆಂಡ್‌ನ ಆರ್ಕಾಗಳ ಜೊತೆ ಹಿಂದೆ ಯಾವಾಗಲೋ ಒಂದೇ ಪೂರ್ವಜರಿದ್ದ ಗುರುತು ಸಿಕ್ಕಿತು. ಹತ್ತಿರದ ವಂಶದವರು ಯಾರೂ ಸಿಗಲಿಲ್ಲ. ಈಡನ್‌ನ ಆ ಗುಂಪು ಬಹುಶಃ ಅಳಿದೇ ಹೋಗಿದೆ ಅನ್ನೋ ತೀರ್ಮಾನ.

ಹಂಪ್‌ಬ್ಯಾಕ್‌ಗಳು ಮಾತ್ರ ಬೇಟೆ ನಿಂತ ಮೇಲೆ ಚೇತರಿಸಿಕೊಂಡವು. ಈಗ ಈಡನ್‌ನಿಂದ ಅವುಗಳನ್ನು ನೋಡೋಕೆ ಟಿಕೆಟ್ ಕೊಟ್ಟು ದೋಣಿ ಹತ್ತುತ್ತಾರೆ.

ಇನ್ನೊಂದು ಸುದ್ದಿ ಹೇಳಿ ನಿಲ್ಲಿಸ್ತೀನಿ. ಡೇವಿಡ್ಸನ್ ಕುಟುಂಬದ ಹಳೇ ಬೇಟೆ ನಿಲ್ದಾಣ ಒಂದು ರಾಷ್ಟ್ರೀಯ ಉದ್ಯಾನದೊಳಗಿದೆ. ಆ ಉದ್ಯಾನಕ್ಕೆ ಮೊದಲು ಆ ಸಾಹುಕಾರ ಬೆಂಜಮಿನ್ ಬಾಯ್ಡ್ ಹೆಸರಿತ್ತು. ಪೆಸಿಫಿಕ್ ದ್ವೀಪಗಳ ಜನರನ್ನು ಕೂಲಿಗೆ ಹಡಗಲ್ಲಿ ತುಂಬಿ ತಂದವನು ಅವನು. 2022ರಲ್ಲಿ ಆ ಹೆಸರು ತೆಗೆದರು. ಈಗಿನ ಹೆಸರು ಬಿಯೋವಾ ರಾಷ್ಟ್ರೀಯ ಉದ್ಯಾನ. ಥಾವ ಭಾಷೆಯಲ್ಲಿ ಬಿಯೋವಾ ಅಂದರೆ ಕಿಲ್ಲರ್ ವೇಲ್.

ಹಳೇ ರೀಲ್ ಡಿಲೀಟ್ ಮಾಡಿಲ್ಲ. ಅದರ ಕೆಳಗೆ ಈ ಎಪಿಸೋಡ್‌ನ ಲಿಂಕ್ ಪಿನ್ ಮಾಡಿದ್ದೀನಿ. ಮುಂದಿನ ವಾರ ಸಿಗೋಣ.